ಕಾಲು ಸುತ್ತು

ಎಂಬತ್ತೇಳರ ಪದ್ಮಿನಿ.
ಮುಂದಕ್ಕೆ ಝೆನ್ನಿನಿಂದ ಕಿತ್ತ ಡಿಸ್ಕು, ಹಿಂದಕ್ಕೆ ಹುಟ್ಟಿನ ಡ್ರಮ್ಮು,
ಬಾನೆಟ್ಟಿನೊಳಗೆ ಯಾವುದೋ ಎಸ್ಟೀಮಿನ ಎಂಜಿನ್ನು.
ಮೊಯ್ದು ಹೇಳುವುದು: ಇದು ಕಾರಲ್ಲ ಚಿಣ್ಣವ್ವ,
ಮೂರು ಮನೆಯ ಸೊಸೆಯರು ಒಂದೇ ಒಲೆಯ ಮುಂದೆ.

ಅಮ್ಮತ್ತಿಯಲ್ಲಿ ಅವನ ಶೆಡ್ಡು. ಬೆಳಗಿನ ಆರಕ್ಕೆ,
ತೋಟದ ಜೀಪುಗಳು ಏಳುವ ಮೊದಲು,
ಡಾಂಬರಿನ ಮೇಲೆ ಸುಣ್ಣದ ಗೆರೆ ಎಳೆದು
ಮೋರಿಯ ಮೇಲೆ ಕೂರುತ್ತಾನೆ, ಬೀಡಿ ಹಚ್ಚದೆ.
ಹೊಗೆ ಬೇಡ, ರಬ್ಬರಿನ ವಾಸನೆ ಸಿಗಬೇಕು.

ಅರವತ್ತಕ್ಕೆ ಏರಿಸಿ, ಗೆರೆ ಮುಟ್ಟಿದೊಡನೆ ತುಳಿದೆ.
ಹಿಂದಿನವು ಮೊದಲು ಕಚ್ಚಿದವು.
ಗಾಡಿ ಸೊಂಟ ತಿರುವಿ, ನಾನು ಬಂದ ದಾರಿಯನ್ನೇ
ಮುಂದಿನ ಗಾಜಿಗೆ ತಂದು ತೋರಿಸಿತು:
ಸಿಲ್ವರ್ ಓಕಿನ ಸಾಲು, ತಂತಿಬೇಲಿ, ಬಾಯಿ ತೆರೆದ ಹಾಲಿನ ಹುಡುಗ.
ಮೊಯ್ದು ಕೂತಲ್ಲೇ ಗಾಳಿಯಲ್ಲಿ ಬೆರಳು ತಿರುಗಿಸಿದ.

ಸೀಟಿನ ಬದಿಗೊಂದು ಹಿತ್ತಾಳೆಯ ತಿರುಪು;
ಹಿಂದಕ್ಕೆ ಹೋಗುವ ಎಣ್ಣೆಯ ಕುತ್ತಿಗೆ ಹಿಡಿಯುವುದು.
ಎರಡು ಸುತ್ತು ಬಿಗಿದೆ.
ಈಗ ಮುಂದಿನವು ಕಲ್ಲಾದವು. ತಿರುಗಿಸಿದಷ್ಟೂ
ಸ್ಟೇರಿಂಗು ಬರೀ ಬಳೆ.
ಗಾಡಿ ಯಾರ ಮಾತೂ ಕೇಳದೆ ನೆಟ್ಟಗೆ ಮೋರಿಗೆ.
ಆಗ ಎದ್ದ ಮೊಯ್ದು.

"ದಿಮ್ಮಿ ಹೊತ್ತ ಇಬ್ಬರನ್ನು ನೋಡಿದ್ದೀಯ?
ನಿಲ್ಲುವುದು ಮುಂದಿನವನು. ಹಿಂದಿನವನು ಅವನ ಬೆನ್ನಿಗೇ.
ಮೊದಲೇ ನಿಂತರೆ ಹೆಗಲು ಹೋಯಿತು,
ನಿಲ್ಲದಿದ್ದರೂ ಹೋಯಿತು."

ಅರ್ಧ ಬಿಟ್ಟೆ. ಮತ್ತೊಂದು ಚೂರು. ಮತ್ತೆ.
ಹನ್ನೊಂದನೆಯ ಓಟಕ್ಕೆ
ಮೂಗು ತಗ್ಗಿತು, ಬಾಲ ಅಲುಗಲಿಲ್ಲ.
ಡ್ಯಾಶಿನ ಡಬ್ಬದಲ್ಲಿ ಬೊಳ್ಳಿ ಬಿಟ್ಟುಹೋದ ನೇಲ್ ಪಾಲಿಶ್ ಇತ್ತು,
ಆರು ವರ್ಷದ್ದು. ಎರಡು ಹನಿ ಥಿನ್ನರ್ ಬಿಟ್ಟು
ತಿರುಪಿನ ತಲೆಗೆ ಕೆಂಪು ಗುರುತು ಇಟ್ಟೆ.

ಬೊಳ್ಳಿ ನನ್ನ ತಂಗಿ. ಎಡಗಡೆ ಕೂತು ದಾರಿ ಓದುತ್ತಿದ್ದಳು:
ಬಲ ಮೂರು, ಎಡ ಐದು, ಮುಂದೆ ಹಳ್ಳ.
ಮಾಕುಟ್ಟದ ಇಳಿಜಾರಿನಲ್ಲಿ "ಹಿಡಿ" ಅಂದಳು.
ನಾನು ಹಿಡಿಯಲಿಲ್ಲ.
ಏನೂ ಆಗಲಿಲ್ಲ, ಅದೇ ತಪ್ಪಾಯಿತು. ನಕ್ಕುಬಿಟ್ಟೆ.
ಪೆರುಂಬಾಡಿಯಲ್ಲಿ ಇಳಿದು ಬಸ್ಸು ಹತ್ತಿದಳು.
ಆ ಸೀಟು ಬಿಚ್ಚಿಸಿದೆ. ತೂಕ ಕಡಿಮೆಯಾಗಲಿ ಎಂದು,
ಕೇಳಿದವರಿಗೆಲ್ಲ.

ನಿನ್ನೆ ಫೋನು: ಭಾನುವಾರ ಬರ್ತೀನಿ. ಗಾಡಿ ಇದೆಯಾ?

ಮೊಯ್ದು ಏನೂ ಕೇಳದೆ ಅಟ್ಟದಿಂದ ಸೀಟು ಇಳಿಸಿದ.
ಇಲಿ ಕಡಿದ ಸ್ಪಂಜು ತಟ್ಟಿ, ನಾಲ್ಕು ಬೋಲ್ಟು ಬಿಗಿದು,
ಐವತ್ತು ಕಿಲೋ ಕಾಫಿಚೀಲ ಕೂರಿಸಿ, ಬೆಲ್ಟು ಕಟ್ಟಿ
"ಓಡಿಸು" ಅಂದ.
ಗೆರೆಯ ಬಳಿ ಮುಂದಿನವು ಅವಸರಪಟ್ಟವು.
ಹಿಂದೆ ಭಾರ ಕೂತಿತ್ತು, ಕೆಂಪು ಗುರುತು ಸುಳ್ಳಾಗಿತ್ತು.

"ಕಾಲು ಬಿಡು," ಅಂದ.
ಪೆಡಲಿನಿಂದ ಎತ್ತಿದೆ.
"ಆ ಕಾಲಲ್ಲ ಮಾರಾಯ್ತಿ, ಕಾಲು ಸುತ್ತು!"
ಇಬ್ಬರೂ ನಕ್ಕೆವು. ಚೀಲ ಬೆಲ್ಟಿನಲ್ಲಿ ಸುಮ್ಮನೆ ಕೂತಿತ್ತು.

ಚೀಲವಾದರೆ ಐವತ್ತು.
ಬೊಳ್ಳಿ ಈಗ ಎಷ್ಟಿದ್ದಾಳೋ, ಫೋನಿನಲ್ಲಿ ಹೇಗೆ ಕೇಳುವುದು.
ಎರಡನೆಯ ಗುರುತು ಇನ್ನೂ ಹಾಕಿಲ್ಲ.