ಮೂವತ್ತು ಸೆಕೆಂಡು

ಆಷಾಢ. ಮದುವೆಗಳಿಲ್ಲ.
ಛತ್ರಗಳಿಗೆ ಬೀಗ, ನನ್ನ ಫ್ಲಾಷಿಗೆ ರಜೆ.
ರಾತ್ರಿ ಹನ್ನೊಂದಕ್ಕೆ ಮೂರುಕಾಲಿನ ಸ್ಟ್ಯಾಂಡನ್ನು
ಸ್ಕೂಟರಿನಲ್ಲಿ ಕಾಲಡಿ ಅಡ್ಡ ಇಟ್ಟುಕೊಂಡು
ಹಾಸನದ ಕೈಗಾರಿಕಾ ಬಡಾವಣೆಗೆ ಹೊರಡುತ್ತೇನೆ.
ಹೆಂಡತಿ ಕೇಳುವುದು ಬಿಟ್ಟಿದ್ದಾಳೆ.
ಒಮ್ಮೆ ಮಾತ್ರ ಅಂದಳು:
"ಅಲ್ಲಿ ಯಾರು ನಗ್ತಾರೆ ಅಂತ ಫೋಟೋ?"

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಎದುರು
ಯಾರೋ ಸುರಿದು ಹೋದ ಜಲ್ಲಿಗುಡ್ಡೆಯ ಮೇಲೆ ನಿಲ್ಲುತ್ತೇನೆ.
ಸೋಡಿಯಂ ದೀಪ, ಜಿನುಗುವ ಸೋನೆ,
ಲೆನ್ಸಿಗೆ ಆಗಾಗ ಹಳೇ ಬನಿಯನ್ ತುಂಡಿನ ಒರೆತ.
ಶಟರ್ ತೆರೆದು ಎಣಿಸುತ್ತೇನೆ, ಡಾರ್ಕ್‌ರೂಮಿನ ಹಳೇ ಲೆಕ್ಕ:
ಸಾವಿರದ ಒಂದು, ಸಾವಿರದ ಎರಡು...
ಮೂವತ್ತಾಗುವಷ್ಟರಲ್ಲಿ
ಕೊಳವೆಯ ಹೊಗೆ ಹಿಂಜಿದ ಅರಳೆ,
ಬಾಯ್ಲರಿನ ಉಗಿ ಧಾರೆಸೀರೆಯ ಸೆರಗು,
ಲಾರಿಗಳು ಬರೀ ಕೆಂಪು ಗೆರೆ.
ನಡೆದು ಹೋದವರು ಇಲ್ಲವೇ ಇಲ್ಲ.
ಗೇಟಿನಿಂದ ಹೊರಬಂದ ಮೂವರು ಹುಡುಗರು,
ಸೈಕಲ್ ತಳ್ಳುತ್ತಿದ್ದ ಮುದುಕ, ಒಂದು ನಾಯಿ,
ಯಾರೂ ಬೀಳಲಿಲ್ಲ ಚಿತ್ರದೊಳಗೆ.
ನಿಂತದ್ದು ಮಾತ್ರ ಉಳಿಯುತ್ತದೆ.
ಕಾರ್ಖಾನೆ ನಿಂತಿರುತ್ತದೆ.

ಕಾವಲಿನ ಧರಣೇಂದ್ರಯ್ಯ ಮೊದಮೊದಲು ಬೈದ.
ಈಗ ಫ್ಲಾಸ್ಕಿನ ಕಾಫಿಯಲ್ಲಿ ಪಾಲು ಕೊಡುತ್ತಾನೆ.
"ಮೋರಿ ನೋಡಿದ್ರೆ ಸಾಕು, ಯಾವ ಆರ್ಡರು ನಡೀತಿದೆ ಹೇಳ್ಬಿಡ್ತೀನಿ.
ಮೇ ತಿಂಗಳು ಪೂರ್ತಿ ನೀಲಿ, ಸ್ಕೂಲ್ ಯೂನಿಫಾರಂ.
ಹಬ್ಬದ್ದು ಶುರುವಾದ್ರೆ ರಾಣಿ ಬಣ್ಣ.
ಆವತ್ತು ನಮ್ಮ ಎಮ್ಮೆ ಕೆರೆಗೆ ಇಳಿದು
ಹೊಟ್ಟೆವರೆಗೂ ಯೂನಿಫಾರಂ ಹಾಕ್ಕೊಂಡು ಬಂತು ಸಾರ್."
ನಕ್ಕೆವು.
ನಕ್ಕು ಮುಗಿದ ಮೇಲೆ ಗಾಳಿ ತಿರುಗಿತು:
ಕೊಳೆತ ಮೊಟ್ಟೆ, ಆರಿದ ಬೆಂಕಿಕಡ್ಡಿ,
ಇನ್ನೊಂದೇನೋ, ಹೆಸರಿಲ್ಲದ್ದು.
ಅದಕ್ಕೆ ಯಾವ ಲೆನ್ಸು?

ಒಂದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗುಹಾಕಿದೆ.
ಶ್ರಾವಣದ ಬುಕಿಂಗಿಗೆ ಬಂದ ಜೋಡಿ
ತಲೆಯೆತ್ತಿ ನೋಡಿ, "ದುಬೈಯಾ ಸಾರ್?"
"ಅಲ್ಲ, ನಿಮ್ಮನೆ ಹಿಂದೆ."
ಹುಡುಗ ಸುಮ್ಮನಾದ. ಹುಡುಗಿ ಅಂದಳು,
"ಹಾಗಾದ್ರೆ ಪ್ರೀ-ವೆಡ್ಡಿಂಗ್ ಅಲ್ಲೇ ಮಾಡ್ಬಹುದಲ್ಲ, ಹತ್ತಿರ."
ತಪ್ಪು ಅವಳದಲ್ಲ.
ಹಾಗೆ ಕಾಣುವಂತೆ ತೆಗೆದವನು ನಾನು.

ದೂರು ಬರೆಯುವುದಾದರೆ ಮೊದಲ ಅರ್ಜಿ ನನ್ನ ಮೇಲೆ.
ರೀಲಿನ ಕಾಲದಲ್ಲಿ, ಹದಿನೆಂಟು ವರ್ಷ,
ಹೈಪೋ, ಡೆವಲಪರ್, ಬೆಳ್ಳಿ ಕರಗಿದ ಹಳದಿ ನೀರು
ದಿನಕ್ಕೊಂದು ಬಕೆಟ್ಟು
ಸ್ಟುಡಿಯೋ ಹಿಂದಿನ ಚರಂಡಿಗೆ ಸುರಿದೆ.
ಅಲ್ಲೊಂದು ಕರಿಬೇವಿನ ಗಿಡವಿತ್ತು.
ಇತ್ತು.
ಊರಿನ ಅಷ್ಟೊಂದು ಮದುಮಕ್ಕಳ ನಗು ತೊಳೆದ ನೀರು
ಯಾವ ಬಾವಿಗೆ ಇಳಿಯಿತೋ
ಆಗ ಕೇಳಿಕೊಂಡವನಲ್ಲ.

ನಿನ್ನೆ ಪಾಳಿ ಬಿಟ್ಟಾಗ
ಜಯಶೀಲ ಎಂಬಾಕೆ ನೇರ ಬಂದು ಎದುರು ನಿಂತಳು.
ಉಗುರಿನ ಸಂದಿಯಲ್ಲಿ ರಾಣಿ ಬಣ್ಣ.
"ಬರೀ ಗೋಡೆ ತೆಗೀತೀರಲ್ಲ, ನಂದೊಂದು ತೆಗೀರಿ,
ಹಿಂದೆ ಲೈಟೆಲ್ಲಾ ಬರ್ಲಿ.
ಹಾಸ್ಟೆಲ್ಲಲ್ಲಿರೋ ಮಗಳಿಗೆ ಕಳಿಸ್ತೀನಿ,
ಅಮ್ಮ ಕೆಲಸ ಮಾಡೋ ಜಾಗ ಅಂತ."

ಫ್ಲಾಷ್ ತಂದಿರಲಿಲ್ಲ.
ಅಲ್ಲಾಡಬೇಡಿ, ಮೂವತ್ತು ಸೆಕೆಂಡು, ಅಂದೆ.
ಉಸಿರು ಬಿಗಿಹಿಡಿದು ನಿಂತಳು, ಯಾವ ಮದುಮಗಳಿಗಿಂತಲೂ ನೆಟ್ಟಗೆ.
ಸಾವಿರದ ಹನ್ನೊಂದು, ಸಾವಿರದ ಹನ್ನೆರಡು...
ಇಪ್ಪತ್ತೆರಡಕ್ಕೆ ಕೆಮ್ಮಿದಳು.
ಸೆರಗು ಅದುಮಿ ತಡೆಯಲು ನೋಡಿ
ಮತ್ತೆ ಕೆಮ್ಮಿದಳು.

ಪರದೆಯ ಮೇಲೆ ಕೊಳವೆ ಸೂಜಿಯಷ್ಟು ಚೂಪು,
ಒಂದೊಂದು ದೀಪಕ್ಕೂ ಆರಾರು ಕಿರಣ.
ಅವಳ ಮುಖವಿರಬೇಕಾದಲ್ಲಿ
ಕದಡಿದ ಒಂದಿಷ್ಟು ಬೂದು.
ಇಷ್ಟು ರಾತ್ರಿಗಳಲ್ಲಿ ಹೊಗೆ ಹೊಗೆಯಾಗಿ ಬಂದದ್ದು
ಅದೊಂದರಲ್ಲೇ.

"ಅಯ್ಯೋ, ಹಾಳಾಯ್ತು. ಅಳಿಸ್ಬಿಡಿ."
ವ್ಯಾನು ಹಾರ್ನ್ ಹೊಡೆಯಿತು. ಓಡಿದಳು.
ಅಳಿಸಿದೆ ಎಂದು
ಕೂಗಿ ಹೇಳಿದೆ.