ಹುಲಿಕಲ್ ಗೇಟಿನ ದಫ್ತರ

ಎಲ್ಲಿಂದ? ಎಂಬ ಕಾಲಮಿನ ಕೆಳಗೆ
ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ:
ಗಂಗೊಳ್ಳಿ, ಬಸರೂರು, ಬಾರ್ಕೂರು, ಮಲ್ಪೆ,
ಒಮ್ಮೊಮ್ಮೆ ಸುತ್ತು ಹಾಕಿ ಬಂದ ಭಟ್ಕಳ.
ಎಲ್ಲಿಗೆ? ಎಂಬಲ್ಲಿ ಯಾವಾಗಲೂ ನಮ್ಮವೇ,
ನಗರ, ಹೊಸನಗರ, ರಿಪ್ಪನ್‌ಪೇಟೆ, ಶಿವಮೊಗ್ಗ.
ಈ ಎರಡು ಗೆರೆಗಳ ನಡುವೆ ನನ್ನ ಕುರ್ಚಿ,
ಒಂದು ಕಾಲಿಗೆ ಕಲ್ಲು ಕೊಟ್ಟದ್ದು.

ಊರು ಕಂಡವನಲ್ಲ ನಾನು, ವಾಸನೆ ಕಂಡವನು.
ಗಂಗೊಳ್ಳಿ ಎಂದರೆ ಬೆಳಗಿನ ಜಾವ ಮೂರೂವರೆ,
ತಿರುವು ತಿರುವಿಗೂ ಐಸಿನ ನೀರು ತೊಟ್ಟಿಕ್ಕಿಸುತ್ತ
ಏರಿ ಬರುವ ಬಂಗುಡೆ.
ಬಸರೂರು ಎಂದರೆ ಹೆಂಚು, ಹೆಂಚಿನ ಕೆಂಪು ಧೂಳು.
ಹಿಂದೆ ಅಲ್ಲಿ ಹಡಗು ನಿಲ್ಲುತ್ತಿತ್ತು, ಈಗ ಬರೀ ಹೂಳು
ಎನ್ನುತ್ತಾನೆ ಲಾರಿಯ ಬೂದ ಪೂಜಾರಿ,
ಹಡಗು ತನ್ನದೇ, ಮೊನ್ನೆಯಷ್ಟೇ ಮುಳುಗಿತು ಎಂಬಂತೆ.
ಬಾರ್ಕೂರಿನಲ್ಲಿ ದಿನಕ್ಕೊಂದು ದೇವಸ್ಥಾನವಂತೆ,
ವರ್ಷಕ್ಕಾಗುವಷ್ಟು.
ಅಧಿಕ ಮಾಸ ಬಂದರೆ? ಎಂದು ಕೇಳಿದೆ.
ಮಾತಾಡದೆ ಗೇರು ಹಾಕಿದ.

ನನ್ನ ಬೆನ್ನಿಗೆ, ಜಿಗ್ಗಿನ ಮರೆಯಲ್ಲಿ, ಮುರುಕು ಕಟ್ಟೆ.
ನಾಯಕರ ಕಾಲದ ಸುಂಕದ ಕಟ್ಟೆ ಎನ್ನುತ್ತಾರೆ;
ಎನ್ನುವವರು ಏನು ಬೇಕಾದರೂ ಎನ್ನುತ್ತಾರೆ.
ಅಲ್ಲೂ ಒಬ್ಬ ಕೂತಿದ್ದಾನು, ಓಲೆ ಹಿಡಿದು,
ಇಳಿಯುವ ಎತ್ತಿನ ಮೇಲೆ ಮೆಣಸು,
ಏರುವ ಎತ್ತಿನ ಮೇಲೆ ಉಪ್ಪು,
ಎಣಿಸಿ ಎಣಿಸಿ ಬೆರಳು ಸವೆದು
ಒಂದು ದಿನವೂ ಕೆಳಗಿಳಿದು ನೋಡದೆ ಸತ್ತವನು.
ಕೆಲವು ರಾತ್ರಿ ಅನಿಸುತ್ತದೆ,
ಅವನಿಗೂ ನನಗೂ ಒಂದೇ ಸಂಬಳ.

"ಹ್ವಾಯ್, ನೀವ್ ಸಮುದ್ರ ಕಂಡಿರ್ಯಾ?"
ವಾಮನ ಖಾರ್ವಿ ಕೇಳಿದ್ದು ಹೋದ ಕಾರ್ತಿಕದಲ್ಲಿ.
ಇಲ್ಲ ಎನ್ನಲು ನಾಚಿಕೆಯಾಗಿ
ಟಾರ್ಚು ಟೈರಿನ ಮೇಲೆ ಬಿಟ್ಟೆ.
ಅವನಿಗೆ ಗೊತ್ತಾಯಿತು. ಮಾರನೆಯ ದಿನ
ನೀಲಿ ಕ್ಯಾನಿನಲ್ಲಿ ಎರಡು ಲೀಟರು ಸಮುದ್ರ ತಂದ.
ಮುಚ್ಚಳ ತೆಗೆದೆ. ಅಂಥದ್ದೇನಿಲ್ಲ:
ನೀರು, ತಳದಲ್ಲಿ ಚಿಟಿಕೆ ಮರಳು,
ಮೇಲೆ ಡೀಸೆಲ್ಲಿನದೊಂದು ಕಣ್ಣು.
ಅಲೆ ಇರಲಿಲ್ಲ.
ಅಲ್ಲಾಡಿಸಿದರೆ ಇತ್ತು.

ಮಾಘದಲ್ಲಿ ಉಪ್ಪಿನ ಲಾರಿ ಗೇಟಿನೆದುರೇ ಮಗುಚಿತು.
ಯಾರಿಗೂ ಏನಾಗಲಿಲ್ಲ, ಕ್ಲೀನರಿನ ಮೊಣಕೈ ಬಿಟ್ಟರೆ.
ಗಟ್ಟಿ ಚೀಲಗಳನ್ನು ಊರವರು ಹೊತ್ತರು,
ಒಡೆದವು ರಸ್ತೆಯ ಪಾಲಾದವು.
ರಾತ್ರಿ ಎರಡಕ್ಕೆ ಕಾಡುಕೋಣಗಳು ಬಂದವು, ಏಳೋ ಎಂಟೋ,
ಬಿಳಿ ಕಾಲುಚೀಲ ತೊಟ್ಟ ಗಂಭೀರ ಮಂದಿ.
ನನ್ನ ಕಡೆ ನೋಡಲೂ ಇಲ್ಲ.
ತಲೆ ತಗ್ಗಿಸಿ ಟಾರು ನೆಕ್ಕತೊಡಗಿದವು.

ನಾಲಗೆಯ ಸದ್ದು, ಟಾರಿನ ಮೇಲೆ,
ಚರ್ರನೆ ಬಂದು, ಹಿಂದೆ ಸರಿದು,
ಸ್ವಲ್ಪ ಸುಮ್ಮನಿದ್ದು,
ಮತ್ತೆ ಚರ್ರನೆ.

ಮೂರೂವರೆಗೆ ಆಚೆ ಬದಿಯಲ್ಲಿ ವಾಮನನ ಗಾಡಿ ನಿಂತಿತು.
ದೀಪ ಆರಿಸಿದ. ಇಂಜಿನ್ನೂ.
ಐಸು ಕರಗಿ ಹನಿಯುವುದು ಈಚೆಗೆ ಕೇಳುತ್ತಿತ್ತು.
ಕೋಣಗಳಿಗೆ ಅವಸರವಿರಲಿಲ್ಲ.
ಅವು ಕಾಡಿಗೆ ಮರಳಿದ ಮೇಲೆ ಮೆಲ್ಲಗೆ ಏರಿ ಬಂದು
ಕಿಟಕಿಯಿಂದ ತಲೆ ಹಾಕಿ ಅಂದ:
"ಹಿಂಗೇ ಮರಾಯ್ರೆ. ನಮ್ಮನಿ ಹಿಂದೆ,
ರಾತ್ರಿ, ಹಿಂಗೇ."

ದಫ್ತರ ತೆರೆದೆ. ಎಲ್ಲಿಂದ, ಗಂಗೊಳ್ಳಿ.
ಸರಕು, ಬಂಗುಡೆ. ಸಮಯ, ಐದು ಹತ್ತು.
ತಡವಾದದ್ದೇಕೆ ಎಂದು ಬರೆಯಲು
ನಮ್ಮ ದಫ್ತರದಲ್ಲಿ ಕಾಲಂ ಇಲ್ಲ.