ಮಹಜರು

ಕಂಕನಾಡಿ ಮಾರುಕಟ್ಟೆಯ ಹಿಂಬದಿ, ಮೀನಿನ ನೀರು ಹರಿಯುವ
ಚರಂಡಿಯ ಈಚೆ, ಒಂದು ಮಡಚುವ ಮೇಜು.
ಕುಂಟುವ ಕಾಲಿಗೆ ಹಂಚಿನ ಚೂರು.
ಮೇಲೆ ಗೆರೆ ಎಳೆದ ಪುಸ್ತಕ, ದಾರ ಕಟ್ಟಿದ ಪೆನ್ನು.
ದಾರ ನಾನೇ ಕಟ್ಟಿದ್ದು. ಸರ್ಕಾರಿ ಅಭ್ಯಾಸ,
ಪೆನ್ನಿನ ವಿಷಯದಲ್ಲಿ ಯಾರನ್ನೂ ನಂಬುವುದಿಲ್ಲ.

ಇಪ್ಪತ್ತೊಂಬತ್ತು ವರ್ಷ ಅಬಕಾರಿ ಕಚೇರಿಯ ಗುಮಾಸ್ತ.
ಈಗ ಅದೇ ಅಬಕಾರಿಯ ಕಾನೂನು ತಿದ್ದಿ ಎಂದು
ಹೋಗುವವರನ್ನು ಕರೆಯುತ್ತೇನೆ.
ಕರೆಯಲು ಬರುವುದಿಲ್ಲ ನನಗೆ.
"ನೆಕ್ಸ್ಟ್" ಅಂದುಬಿಡುತ್ತೇನೆ.

ನಿಶ್ಮಿತಾ ನಗುತ್ತಾಳೆ.
ಹಗಲು ಕಾಲೇಜಿನಲ್ಲಿ ರಸಾಯನಶಾಸ್ತ್ರ, ಸಂಜೆ
ಬಚ್ಚಲುಕೊಟ್ಟಿಗೆಯಲ್ಲಿ ಕುಚ್ಚಲಕ್ಕಿಗೆ ಬಾರ್ಲಿ ಬೆರೆಸಿ
ಬಿಯರ್ ಹದ ನೋಡುತ್ತಾಳೆ.
("ನೋಡುತ್ತಿದ್ದಳು ಅನ್ನಿ ಸರ್, ಯಾರಾದರೂ ಕೇಳಿದರೆ.")
ಪರವಾನಗಿ ಕೇಳಲು ಹೋದರೆ
ಜಾಗ ಇಷ್ಟಿರಬೇಕು, ಠೇವಣಿ ಅಷ್ಟಿರಬೇಕು,
ಒಟ್ಟಿನಲ್ಲಿ ಮೊದಲೇ ಶ್ರೀಮಂತಳಾಗಿರಬೇಕು.
"ಇದು ಕುಡಿತಕ್ಕೆ ಹಾಕಿದ ಬೀಗ ಅಲ್ಲ,
ದೊಡ್ಡ ಅಂಗಡಿಯವರು ನಮ್ಮ ಬಾಗಿಲಿಗೆ ಹಾಕಿದ್ದು."
ಚೆನ್ನಾಗಿದೆ, ಅರ್ಜಿಯಲ್ಲಿ ಬೇಡ ಅಂದೆ.
ಸರ್ಕಾರಕ್ಕೆ ಉಪಮೆ ತಿಳಿಯುವುದಿಲ್ಲ,
ಅಡಕಗಳು ಎಷ್ಟು ಎಂಬುದು ತಿಳಿಯುತ್ತದೆ.

ಬೇಕರಿಯ ಲಿಗೋರಿ ಮಿನೇಜಸ್ ಸಹಿ ಹಾಕಿದ, ಕೈಯ ಹಿಟ್ಟು
ಪುಟಕ್ಕೂ ಹತ್ತಿತು.
ಸಿಟಿ ಬಸ್ಸಿನ ಕಂಡಕ್ಟರ್ ಹಾಕಿದ, ಸೀಟಿ ಬಾಯಲ್ಲೇ ಇತ್ತು.
"ಟೇಸ್ಟ್ ನೋಡ್ಲಿಕ್ಕೆ ಉಂಟಾ?" ಕೇಳಿದ ಒಬ್ಬ.
ಇಲ್ಲ ಅಂದದ್ದಕ್ಕೆ ಪೆನ್ನು ಇಳಿಸಿ ಹೋದ.

ಗುಲಾಬಿ ಮೆಂಡನ್ ತಲೆಯ ಬುಟ್ಟಿ ಇಳಿಸಲಿಲ್ಲ.
ಬಂಗುಡೆಯ ಒಂದು ಬಾಲ ಅವಳ ಕಿವಿಯ ಹತ್ತಿರ ಅಲುಗುತ್ತಿತ್ತು.
"ಎಂತ ಇದು, ಕುಡುಕರ ಸಂಘವಾ?
ನನ್ನ ಗಂಡ ಪರವಾನಗಿ ಇದ್ದ ಅಂಗಡಿಯದ್ದೇ ಕುಡಿದು ಸತ್ತದ್ದು.
ಸೀಲು, ಲೇಬಲ್ಲು, ಎಲ್ಲ ಸರಿ ಇತ್ತು."
ನಿಶ್ಮಿತಾ ನನ್ನ ಮುಖ ನೋಡಿದಳು. ನಾನು ಪುಸ್ತಕ ನೋಡಿದೆ.
ಸಹಿ ಹಾಕಲಿಲ್ಲ ಗುಲಾಬಿ. ನಾಲ್ಕು ಹೆಜ್ಜೆ ಹೋಗಿ ತಿರುಗಿ,
"ಮೇಜು ಆಚೆ ಎಳೀರಿ ಮಾರಾಯ್ರೆ,
ಹತ್ತು ಗಂಟೆಗೆ ಇಲ್ಲಿ ಐಸಿನ ಟೆಂಪೊ ಬರ್ತದೆ."

ಬಂತು.

ಮಧ್ಯಾಹ್ನ, ಬುತ್ತಿ ಮುಗಿಸಿ ಕೈ ಒರೆಸಿಕೊಂಡು
ಅವಳು ಪ್ಲಾಸ್ಟಿಕ್ ತೊಟ್ಟೆಯಿಂದ ಹಳೆಯ ಹಾಳೆ ತೆಗೆದಳು.
ಅಜ್ಜ ಐತಪ್ಪ, ಪೆರ್ಮುದೆಯ ಕಡೆ ತಾಳೆ ಏರಿ ಕಳ್ಳು ಇಳಿಸುತ್ತಿದ್ದವರು.
ಪರವಾನಗಿ ನವೀಕರಿಸಲು ಒಂಬತ್ತು ದಿನ ತಡ.
"ಇದನ್ನೂ ಅಡಕ ಮಾಡೋಣವಾ ಸರ್?"
ಓದಿದಳು: ಶೇಂದಿ ತುಂಬಿದ ಮಣ್ಣಿನ ಮಡಕೆ ಏಳು.
ಪಂಚರ ಸಮಕ್ಷಮ ಸ್ಥಳದಲ್ಲೇ ಒಡೆದು ನಾಶಪಡಿಸಲಾಯಿತು.
"ಸಾಯುವವರೆಗೂ ಎಂಟು ಅಂತಿದ್ದರು ಅಜ್ಜ.
ಲೆಕ್ಕ ಬರ್ತಿರಲಿಲ್ಲವೋ ಏನೋ."

ಅಕ್ಷರ ನನ್ನದು.
'ಳ'ದ ಬಾಲವನ್ನು ಹಾಗೆ ಕೆಳಗೆ ಸುತ್ತುವವರು
ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಎಂಟನೆಯದು ನಮ್ಮ ಜೀಪಿನಲ್ಲಿ ಬಂತು.
ಬಿಸಿಲಿತ್ತು. ಮೊದಲು ಇನ್ಸ್‌ಪೆಕ್ಟರು, ಆಮೇಲೆ ಡ್ರೈವರು,
ಕೊನೆಗೆ ಕಂಠಕ್ಕೆ ಬಾಯಿ ಕೊಟ್ಟು ನಾನು.
ಸಿಹಿ, ತುಸು ಹುಳಿ, ಅಡಿಯಲ್ಲಿ ಒಂದು ಸತ್ತ ಜೇನು.
ಸೇತುವೆಯ ಮೇಲಿಂದ ಮಡಕೆಯನ್ನು ಹೊಳೆಗೆ ಎಸೆದು
ಕಚೇರಿಗೆ ಬಂದು, ಬಾಯಿ ಒರೆಸಿಕೊಂಡು,
ಏಳು ಎಂದು ಬರೆದೆ.

ಅಡಕ ಮಾಡು ಅಂದೆ ಅವಳಿಗೆ. ಅಷ್ಟೇ ಅಂದೆ.

ಸಂಜೆಗೆ ನಾನೂರ ಹನ್ನೆರಡು ಸಹಿ.
ಅವಳು ಬ್ಯಾನರ್ ಸುತ್ತುತ್ತಿದ್ದಳು, ಯಾರೋ ನೆಲಕ್ಕೆ ನೀರು ಹೊಯ್ದರು,
ಐಸು, ಉಪ್ಪು, ಪೊರೆ ಎಲ್ಲ ಮೇಜಿನ ಕಾಲು ಬಳಸಿ ಹೋದವು.
ಮುಂದಿನ ಸಾಲಿನಲ್ಲಿ ನನ್ನ ಹೆಸರು, ವಿಳಾಸ, ಸಹಿ.
ಕೊನೆಯ ಅಂಕಣ ಷರಾ. ಅಲ್ಲಿ ಯಾರೂ ಏನೂ ಬರೆದಿಲ್ಲ,
ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.
ಪೆನ್ನಿನ ದಾರ ಅಲ್ಲಿಯವರೆಗೆ ಸಾಲಲಿಲ್ಲ.
ಗಂಟು ಬಿಚ್ಚಲು ಹೊತ್ತು ಹಿಡಿಯಿತು, ಗಟ್ಟಿಯಾಗಿ ಕಟ್ಟಿದ್ದೆ.

ಮಡಕೆ: ಎಂಟು.